ಲೈನ್ ಕಿತ್ತುಹಾಕಿ ಸೋಲಾರ್ ಒಂದನ್ನೇ ನಂಬಬಹುದಾ? ಮಲೆನಾಡಿನ ಒಂದು ಮನೆಯ ಲೆಕ್ಕ

ಪ್ರಶ್ನೆ: ನಮ್ಮದು ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ, ರಸ್ತೆಯಿಂದ ಒಳಗಿರುವ ಒಂಟಿ ಮನೆ. ಹೆಂಚಿನ ಮಾಡು, ಪಕ್ಕದಲ್ಲಿ ತಗಡಿನ ಕೊಟ್ಟಿಗೆ. ಆರು ಜನ ಇದ್ದೇವೆ. ತಿಂಗಳಿಗೆ 160ರಿಂದ 170 ಯೂನಿಟ್ ಆಗುತ್ತದೆ. ಗೃಹಜ್ಯೋತಿ ಇರುವುದರಿಂದ ಬಿಲ್ ಸೊನ್ನೆ. ನಮ್ಮ ಕಷ್ಟ ಬಿಲ್ಲಿನದ್ದಲ್ಲ. ಜೂನ್ ಬಂತೆಂದರೆ ಮರ ಬಿದ್ದು ಲೈನ್ ಹರಿಯುತ್ತದೆ, ಮೂರು ನಾಲ್ಕು ದಿನ ಕರೆಂಟ್ ಇರುವುದಿಲ್ಲ. ಮಗ ಬೆಂಗಳೂರಿನ ಕಂಪನಿಯ ಕೆಲಸವನ್ನು ಮನೆಯಿಂದಲೇ ಮಾಡುತ್ತಾನೆ. ಅಮ್ಮನಿಗೆ 82 ವರ್ಷ, ದಮ್ಮು ಇದೆ. ನೆಬ್ಯುಲೈಸರ್ ಬೇಕು, ಬಿಸಿನೀರು ಬೇಕು, ಆದರೆ ಬಚ್ಚಲ ಒಲೆಯ ಹೊಗೆ ಆಗುವುದಿಲ್ಲ. ಸೋಲಾರ್ ಮಾರುವವರೊಬ್ಬರು ಬಂದು 5 ಕಿಲೋವ್ಯಾಟ್ ಪ್ಯಾನೆಲ್, 10 ಯೂನಿಟ್ ಲಿಥಿಯಂ ಬ್ಯಾಟರಿ, ನೀರು ಕಾಯಿಸಲು 200 ಲೀಟರಿನ ಹೀಟ್ ಪಂಪ್ ಹಾಕಿಸಿ ಎಂದರು. ಲೈನೇ ಬೇಡ, ಸಬ್ಸಿಡಿ ಬರುತ್ತದೆ, ನಾಲ್ಕು ವರ್ಷದಲ್ಲಿ ದುಡ್ಡು ವಾಪಸ್ ಅಂತಾರೆ. ಕೊಟ್ಟಿಗೆಯ ಪೂರ್ವಕ್ಕಿರುವ ಹಲಸಿನ ಮರ ಕಡಿಯಬೇಕಂತೆ. ಊರಿನ ಇನ್ನೊಂದು ಮನೆಯಲ್ಲಿ ಸೋಲಾರ್ ಇದೆ, ಆದರೆ ಕರೆಂಟ್ ಹೋದ ಕೂಡಲೇ ಹಾಡುಹಗಲಲ್ಲೂ ಅದು ಆರಿಹೋಗುತ್ತದೆ. ಹೀಗಾದರೆ ಹಾಕಿಸಿ ಏನು ಪ್ರಯೋಜನ? (ಮನೆಗೆ ಪಂಪ್ ಇಲ್ಲ, ಹಿಂದಿನ ಗುಡ್ಡದ ಹಳ್ಳದಿಂದ ನೀರು ಪೈಪಿನಲ್ಲಿ ತಾನೇ ಇಳಿದು ಬರುತ್ತದೆ.)

ಉತ್ತರ: ನಿಮ್ಮ ಪತ್ರದಲ್ಲಿ ‘ನಮ್ಮ ಕಷ್ಟ ಬಿಲ್ಲಿನದ್ದಲ್ಲ’ ಎಂದು ಬರೆದಿದ್ದೀರಿ. ನಾನು ಅದನ್ನೇ ಹಿಡಿದುಕೊಂಡು ಹೊರಡುತ್ತೇನೆ. ನಿಮಗೆ ಬೇಕಾದದ್ದು ಜುಲೈ ತಿಂಗಳ ಜಡಿಮಳೆಯಲ್ಲಿ, ಲೈನ್ ಬಿದ್ದ ಮೂರನೇ ದಿನ, ಅಮ್ಮನ ನೆಬ್ಯುಲೈಸರ್ ಓಡಬೇಕು, ಮಗನ ಲ್ಯಾಪ್‌ಟಾಪ್ ಆನ್ ಇರಬೇಕು, ಬಚ್ಚಲಲ್ಲಿ ಬಿಸಿನೀರು ಇರಬೇಕು. ನಿಮಗೆ ತೋರಿಸಿದ ಲೆಕ್ಕ ಮಾತ್ರ ಮಾರ್ಚ್ ತಿಂಗಳ ಬಿಸಿಲಿನದ್ದು.

ಮೊದಲು ದುಡ್ಡು ವಾಪಸ್ ಬರುವ ಮಾತು ಮುಗಿಸಿಬಿಡೋಣ. ಸೋಲಾರ್ ಹಾಕಿದ ಮನೆಗೆ ಲಾಭ ಬರುವುದು ಕಟ್ಟುತ್ತಿದ್ದ ಬಿಲ್ ಉಳಿದಾಗ. ನೀವು ಈಗ ಕಟ್ಟುತ್ತಿರುವುದು ಸೊನ್ನೆ. ಸೊನ್ನೆಯಲ್ಲಿ ಉಳಿಸುವುದಕ್ಕೆ ಏನಿದೆ? ತಿಂಗಳಿಗೆ 400, 500 ಯೂನಿಟ್ ಉರಿಸಿ ಪೂರ್ತಿ ಬಿಲ್ ಕಟ್ಟುವ ಮನೆಗೆ ನಾಲ್ಕೈದು ವರ್ಷದಲ್ಲಿ ಹಣ ತಿರುಗಿ ಬರಬಹುದು. ನಿಮ್ಮ ಮನೆಗೆ ಆ ಲೆಕ್ಕ ಕೂಡುವುದಿಲ್ಲ. ನೀವು ಹಾಕುವ ಹಣ ನೆಮ್ಮದಿಗೆ ಕೊಡುವ ಹಣ. ಅದು ತಪ್ಪು ಖರ್ಚು ಎಂದು ನಾನು ಹೇಳುತ್ತಿಲ್ಲ. ದಮ್ಮಿರುವ ತಾಯಿ ಮನೆಯಲ್ಲಿದ್ದಾಗ ಅದು ಒಳ್ಳೆಯ ಖರ್ಚೇ. ಆದರೆ ಯಾವುದಕ್ಕೆ ಕೊಡುತ್ತಿದ್ದೇವೆ ಎನ್ನುವುದು ಗೊತ್ತಿರಬೇಕು.

ಎರಡನೆಯದು ಸಬ್ಸಿಡಿ. 2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 2 ಕಿಲೋವ್ಯಾಟ್‌ವರೆಗೆ ಕಿಲೋವ್ಯಾಟಿಗೆ 30,000 ರೂಪಾಯಿ, 3 ಕಿಲೋವ್ಯಾಟ್ ಅಥವಾ ಅದಕ್ಕಿಂತ ಜಾಸ್ತಿ ಹಾಕಿದರೆ ಒಟ್ಟು 78,000 ರೂಪಾಯಿ ಕೇಂದ್ರದ ಸಹಾಯಧನ ಇದೆ. 5 ಹಾಕಿದರೂ ಅಷ್ಟೇ, 3 ಹಾಕಿದರೂ ಅಷ್ಟೇ. ಅದು ಸಿಗುವುದು ಲೈನಿಗೆ ಜೋಡಿಸಿದ ವ್ಯವಸ್ಥೆಗೆ ಮಾತ್ರ. ಪ್ಯಾನೆಲ್ ದೇಶದಲ್ಲೇ ತಯಾರಾಗಿರಬೇಕು, ಡಿಸಿಆರ್ ಪ್ಯಾನೆಲ್ ಎಂದು ಕೇಳಿ. ಬ್ಯಾಟರಿಗೆ ಸಹಾಯಧನ ಇಲ್ಲ. ಹಾಗಾಗಿ ‘ಲೈನ್ ತೆಗೆಸಿ, ಸಬ್ಸಿಡಿಯನ್ನೂ ಪಡೆಯಿರಿ’ ಎನ್ನುವ ಮಾತು ಒಂದಕ್ಕೊಂದು ಹೊಂದುವುದಿಲ್ಲ. ಕೊಟೇಶನ್ನಿನಲ್ಲಿ 78,000 ಕಳೆದು ತೋರಿಸಿದ್ದಾರಾ ನೋಡಿ. ತೋರಿಸಿದ್ದರೆ, ಲೈನ್ ತೆಗೆಸಿದ ಮೇಲೆ ಅದು ಹೇಗೆ ಬರುತ್ತದೆ ಎಂದು ನೇರವಾಗಿ ಕೇಳಿ.

ಈಗ ಬಿಸಿಲಿನ ವಿಚಾರ. ಕರ್ನಾಟಕದಲ್ಲಿ ವರ್ಷದ ಸರಾಸರಿ ಹಿಡಿದರೆ 1 ಕಿಲೋವ್ಯಾಟ್ ಪ್ಯಾನೆಲ್ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. ಪಾವಗಡದಂಥ ಕಡೆ ಈ ಸರಾಸರಿಯನ್ನು ನಂಬಬಹುದು. ಅಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಕಟ್ಟಿದ್ದೂ ಸುಮ್ನೆ ಅಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆ ಕಡೆಯ ಮನೆಗೆ ಸರಾಸರಿ ಇಟ್ಟುಕೊಂಡು ಲೆಕ್ಕ ಹಾಕಿದರೆ ಮೋಸ ಹೋಗುತ್ತೇವೆ. ಫೆಬ್ರವರಿಯಲ್ಲಿ ನಿಮ್ಮ 5 ಕಿಲೋವ್ಯಾಟ್ 20 ಯೂನಿಟ್ ಕೊಡಬಹುದು. ಜುಲೈನಲ್ಲಿ ಮೋಡ ಕವಿದ ದಿನ 5 ಯೂನಿಟ್ ಬಂದರೆ ಸಮಾಧಾನ. ಮಧ್ಯಾಹ್ನವೂ ದೀಪ ಹಾಕಬೇಕಾದ ದಿನಗಳಲ್ಲಿ ಅದರ ಅರ್ಧ.

ನಿಮ್ಮ ಮನೆಗೆ ದಿನಕ್ಕೆ ಈಗ ಸುಮಾರು 5.5 ಯೂನಿಟ್ ಬೇಕು. ಹೀಟ್ ಪಂಪ್ ಸೇರಿದರೆ 8. ಕೊಡುವುದು 5, ಕೆಲವು ದಿನ 2.5. ಹತ್ತು ಯೂನಿಟ್ ಬ್ಯಾಟರಿ ಎರಡು ಮೂರು ದಿನ ತಳ್ಳುತ್ತದೆ, ಆಮೇಲೆ ಖಾಲಿ. ಮತ್ತೆ ತುಂಬಲು ಬಿಸಿಲೇ ಇಲ್ಲ. ಲೈನ್ ಪೂರ್ತಿ ಬಿಡಬೇಕೆಂದರೆ ಇದರ ಎರಡು ಮೂರು ಪಟ್ಟು ಪ್ಯಾನೆಲ್, ಮೂರು ನಾಲ್ಕು ಪಟ್ಟು ಬ್ಯಾಟರಿ ಬೇಕಾಗುತ್ತದೆ. ಅದೆಲ್ಲ ಎಂಟು ತಿಂಗಳು ಸುಮ್ಮನೆ ಕೂತಿರುತ್ತದೆ.

ನಾನು ಈ ಪಾಠ ಕಲಿತದ್ದು ಪುಸ್ತಕದಿಂದಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಶೃಂಗೇರಿ ಕಡೆಯ ಒಂದು ಮನೆಗೆ ವರ್ಷದ ಸರಾಸರಿ ನಂಬಿಕೊಂಡು ಸೋಲಾರ್ ಹಾಕಿಸಿದ್ದೆ. ಆಗ ಇದ್ದದ್ದು ನೀರು ಹಾಕುವ ಸೀಸದ ಬ್ಯಾಟರಿಗಳು. ಅಂಥ ಬ್ಯಾಟರಿ ವಾರಗಟ್ಟಲೆ ಅರೆಬರೆ ಚಾರ್ಜ್‌ನಲ್ಲೇ ಇದ್ದರೆ ಪ್ಲೇಟಿನ ಮೇಲೆ ಬಿಳಿ ಪದರ ಗಟ್ಟಿಯಾಗುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಹಿಡಿಯುವುದಿಲ್ಲ. ಒಂದೇ ಮಳೆಗಾಲಕ್ಕೆ ನಾಲ್ಕೂ ಬ್ಯಾಟರಿ ಸತ್ತುಹೋದವು. ಆ ಮನೆಯ ಯಜಮಾನರು ನನಗೆ ಒಂದು ಮಾತೂ ಬೈಯಲಿಲ್ಲ, ಅದೇ ಇವತ್ತಿಗೂ ನೆನಪಿದೆ. ಅಂದಿನಿಂದ ಮಲೆನಾಡಿನ ಮನೆಗೆ ಹೋದರೆ ನಾನು ಮೊದಲು ಕೇಳುವುದು ‘ಜುಲೈನಲ್ಲಿ ನಿಮಗೆ ಏನೇನು ಓಡಲೇಬೇಕು?’ ಅಂತ.

ನಿಮ್ಮ ಮನೆಗೆ ಆ ಪಟ್ಟಿ ಮಾಡೋಣ. ಎಲ್‌ಇಡಿ ಬಲ್ಬು ಹತ್ತು, ಐದು ಗಂಟೆ: ಅರ್ಧ ಯೂನಿಟ್‌ಗೂ ಕಡಿಮೆ. ಮಗನ ಲ್ಯಾಪ್‌ಟಾಪ್ ಎಂಟು ಗಂಟೆ: ಅರ್ಧ ಯೂನಿಟ್. ವೈಫೈ ಇಡೀ ದಿನ: ಕಾಲು ಯೂನಿಟ್. ಫ್ರಿಜ್: ಒಂದು ಯೂನಿಟ್ ಆಸುಪಾಸು. ಮಿಕ್ಸಿ, ಮೊಬೈಲ್, ನೆಬ್ಯುಲೈಸರ್ ಎಲ್ಲ ಸೇರಿ ಕಾಲು ಯೂನಿಟ್. ಮಳೆಗಾಲದಲ್ಲಿ ಫ್ಯಾನ್ ಯಾರಿಗೂ ಬೇಡ. ಒಟ್ಟು ಎರಡೂವರೆ ಯೂನಿಟ್. 3 ಕಿಲೋವ್ಯಾಟ್ ಪ್ಯಾನೆಲ್ ಸಾಧಾರಣ ಮಳೆಯ ದಿನ ಕೊಡುವುದು ಹೆಚ್ಚುಕಮ್ಮಿ ಇಷ್ಟೇ, ಅಲ್ವಾ? ಅಂದರೆ ವಾಷಿಂಗ್ ಮೆಷಿನ್, ಇಸ್ತ್ರಿಪೆಟ್ಟಿಗೆ, ಗೀಸರ್ ಇವುಗಳನ್ನು ಬೇರೆ ಇಟ್ಟರೆ, ಲೈನ್ ವಾರ ಬರದಿದ್ದರೂ ಮುಖ್ಯವಾದದ್ದು ನಿಲ್ಲುವುದಿಲ್ಲ. ತೀರಾ ಕತ್ತಲೆಯ ದಿನಗಳಿಗೆ ಬ್ಯಾಟರಿ ಇದೆ. 5 ಯೂನಿಟ್ ಬ್ಯಾಟರಿ ಒಂದೂವರೆ ದಿನಕ್ಕಿಂತ ಹೆಚ್ಚೇ ತಡೆಯುತ್ತದೆ. ಅದೂ ಸಾಲದೆ ಬಂದರೆ ಫ್ರಿಜ್ ಆರಿಸಿ. ಅಲ್ಲಿಗೇ ಬಳಕೆ ಅರ್ಧಕ್ಕೆ ಹತ್ತಿರ ಇಳಿಯುತ್ತದೆ.

ಊರಿನ ಇನ್ನೊಂದು ಮನೆಯ ಸೋಲಾರ್ ಹಗಲಲ್ಲೇ ಆರುವುದು ಯಾಕೆ ಎಂದು ಕೇಳಿದ್ದೀರಿ. ಅದು ಕೆಟ್ಟಿಲ್ಲ, ಹಾಗೆ ಆರಬೇಕೆಂದೇ ಮಾಡಿದ್ದಾರೆ. ಬ್ಯಾಟರಿ ಇಲ್ಲದ, ಲೈನಿಗೆ ಜೋಡಿಸಿದ ಇನ್ವರ್ಟರ್ ಲೈನಿನ ವೋಲ್ಟೇಜ್ ನೋಡಿಕೊಂಡೇ ಕೆಲಸ ಮಾಡುತ್ತದೆ. ಲೈನ್ ಸತ್ತರೆ ಅದು ತಕ್ಷಣ ನಿಲ್ಲಲೇಬೇಕು. ಯೋಚಿಸಿ, ಮರ ಬಿದ್ದು ತಂತಿ ಹರಿದಿದೆ, ಲೈನ್‌ಮನ್ ಮಳೆಯಲ್ಲೇ ಕಂಬ ಹತ್ತಿದ್ದಾನೆ, ಟಿಸಿ (ಟ್ರಾನ್ಸ್‌ಫಾರ್ಮರ್) ಆಫ್ ಮಾಡಿ ಬಂದಿದ್ದಾನೆ. ಆಗ ಒಂದು ಮನೆಯ ಸೋಲಾರ್ ಆ ತಂತಿಗೆ ಕರೆಂಟ್ ಬಿಟ್ಟರೆ ಅವನ ಜೀವವೇ ಹೋಗುತ್ತದೆ. ‘ಸಣ್ಣ ವೈರ್ ಬದಲಿಸಿದರೆ ಕರೆಂಟ್ ಹೋದಾಗಲೂ ಓಡುತ್ತೆ’ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ. ಲೈನ್ ಇಲ್ಲದಾಗಲೂ ಮನೆಗೆ ಕರೆಂಟ್ ಬೇಕೆಂದರೆ ಹೈಬ್ರಿಡ್ ಇನ್ವರ್ಟರ್ ಮತ್ತು ಬ್ಯಾಟರಿ ಬೇಕು. ಲೈನ್ ಹೋದ ಕೂಡಲೇ ಅದು ಮನೆಯನ್ನು ಲೈನಿನಿಂದ ಬಿಡಿಸಿಕೊಂಡು, ಆರಿಸಿಟ್ಟ ಕೆಲವು ಪಾಯಿಂಟ್‌ಗಳಿಗೆ ಮಾತ್ರ ಕರೆಂಟ್ ಕೊಡುತ್ತದೆ. ಮೇಲೆ ಮಾಡಿದ ಪಟ್ಟಿಯ ಪಾಯಿಂಟ್‌ಗಳಿಗೆ ಪ್ರತ್ಯೇಕ ವೈರಿಂಗ್ ಎಳೆಸಿ. ನಮ್ಮ ಕಡೆ ಯುಪಿಎಸ್ ಲೈನ್ ಎನ್ನುತ್ತೇವಲ್ಲ, ಅದೇ.

ಬ್ಯಾಟರಿ ಯಾವುದು? ಲಿಥಿಯಂನಲ್ಲಿ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಜಾತಿಯದ್ದನ್ನೇ ಕೇಳಿ. ಬಿಸಿಗೆ ಬೇಗ ಕೆಡುವುದಿಲ್ಲ, ಬೆಂಕಿಯ ಭಯ ಉಳಿದ ಲಿಥಿಯಂಗಳಿಗಿಂತ ಕಡಿಮೆ. ಇದ್ದದ್ದರಲ್ಲಿ ನೂರಕ್ಕೆ 80, 90 ಭಾಗ ಬಳಸಬಹುದು, ಅರೆಬರೆ ಚಾರ್ಜ್‌ನಲ್ಲಿ ಕೂತರೂ ಸೀಸದ ಬ್ಯಾಟರಿಯ ಹಾಗೆ ಹಾಳಾಗುವುದಿಲ್ಲ. ಮಲೆನಾಡಿಗೆ ಈ ಕೊನೆಯ ಗುಣವೇ ದೊಡ್ಡದು. ಸೀಸದ ಟ್ಯೂಬುಲರ್ ಬ್ಯಾಟರಿ ಅಗ್ಗ, ರಿಪೇರಿ ಬಲ್ಲವರು ಪೇಟೆಯಲ್ಲೇ ಸಿಗುತ್ತಾರೆ. ಆದರೆ 150 ಎಎಚ್‌ನ ಎರಡು ಬ್ಯಾಟರಿಯಿಂದ ನೀವು ನೆಮ್ಮದಿಯಾಗಿ ತೆಗೆಯಬಹುದಾದದ್ದು ಎರಡು ಯೂನಿಟ್‌ಗಿಂತ ಕಡಿಮೆ, ನಾಲ್ಕೈದು ವರ್ಷಕ್ಕೊಮ್ಮೆ ಬದಲಿಸಬೇಕು. ಯಾವುದೇ ಆಗಲಿ, ಮಲಗುವ ಕೋಣೆಯಲ್ಲಿ, ಅಡಿಕೆ ಮೂಟೆ ಇಡುವ ಅಟ್ಟದಲ್ಲಿ, ಗ್ಯಾಸ್ ಸಿಲಿಂಡರ್ ಪಕ್ಕದಲ್ಲಿ ಇಡಬೇಡಿ.

ಇನ್ನು ಬಿಸಿನೀರು. ಹೀಟ್ ಪಂಪ್ ಬಗ್ಗೆ ತಪ್ಪು ಕಲ್ಪನೆ ಜಾಸ್ತಿ ಇದೆ. ಬಿಸಿಲಿಗೂ ಅದಕ್ಕೂ ಸಂಬಂಧ ಇಲ್ಲ. ಫ್ರಿಜ್ಜಿನ ಹಿಂಬದಿ ಮುಟ್ಟಿ ನೋಡಿ, ಬೆಚ್ಚಗಿರುತ್ತದೆ. ಒಳಗಿನ ಬಿಸಿಯನ್ನು ಎಳೆದು ಹೊರಗೆ ಹಾಕುತ್ತಿರುತ್ತದೆ. ಹೀಟ್ ಪಂಪ್ ಗಾಳಿಯಲ್ಲಿರುವ ಬಿಸಿಯನ್ನು ಎಳೆದು ನೀರಿಗೆ ಹಾಕುತ್ತದೆ. 200 ಲೀಟರ್ ನೀರನ್ನು 30 ಡಿಗ್ರಿ ಏರಿಸಲು 7 ಯೂನಿಟ್‌ನಷ್ಟು ಶಾಖ ಬೇಕು. ಗೀಸರ್ ಅಷ್ಟೂ ಕರೆಂಟ್ ಉರಿಸುತ್ತದೆ. ಹೀಟ್ ಪಂಪ್ ಎರಡೂವರೆ ಯೂನಿಟ್ ಒಳಗೆ ಮುಗಿಸುತ್ತದೆ. ಮಳೆಯಲ್ಲೂ ಕೆಲಸ ಮಾಡುತ್ತದೆ. ಯುರೋಪಿನ ಚಳಿದೇಶಗಳಲ್ಲಿ ಇಡೀ ಮನೆ ಬೆಚ್ಚಗಿಡುವುದೇ ಇದರಿಂದ. ಯಂತ್ರ ಒಳ್ಳೆಯದೇ.

ಆದರೆ ನಿಮ್ಮ ಮನೆಗೆ ಎರಡು ತೊಡಕು. ತಿಂಗಳಿಗೆ ಸುಮಾರು 70 ಯೂನಿಟ್ ಹೆಚ್ಚಾಗುತ್ತದೆ. 165ಕ್ಕೆ 70 ಸೇರಿಸಿ. 200 ದಾಟಿತು. ಗೃಹಜ್ಯೋತಿಯಲ್ಲಿ 200 ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು, ಮೇಲಿನ ಯೂನಿಟ್‌ಗಳದ್ದು ಮಾತ್ರ ಅಲ್ಲ. ಸೋಲಾರ್ ಹಾಕಿ ನೆಟ್ ಮೀಟರ್ (ಲೈನಿನಿಂದ ಪಡೆದದ್ದು, ಲೈನಿಗೆ ಕೊಟ್ಟದ್ದು ಎರಡನ್ನೂ ಅಳೆಯುವ ಮೀಟರ್) ಕೂರಿಸಿದ ಮೇಲೆ ಈ ಲೆಕ್ಕ ಹೇಗೆ ಹಿಡಿಯುತ್ತಾರೆ ಎಂದು ನಿಮ್ಮ ಮೆಸ್ಕಾಂ ಉಪವಿಭಾಗದ ಕಚೇರಿಯಲ್ಲಿ ಬರವಣಿಗೆಯಲ್ಲಿ ಕೇಳಿಕೊಂಡೇ ಮುಂದುವರಿಯಿರಿ. ಎರಡನೇ ತೊಡಕು ವೋಲ್ಟೇಜ್. ಲೈನಿನ ಕೊನೆಯ ಮನೆಗಳಲ್ಲಿ ಸಂಜೆ 170ಕ್ಕೆ ಇಳಿಯುವುದು ಹೊಸದಲ್ಲ. ಕಂಪ್ರೆಸರ್ ಇರುವ ಯಂತ್ರಕ್ಕೆ ಅದು ಆಗಿಬರುವುದಿಲ್ಲ. ಕೆಟ್ಟರೆ ರಿಪೇರಿಗೆ ಯಾರು, ಎಷ್ಟು ದಿನದಲ್ಲಿ ಬರುತ್ತಾರೆ ಎಂದೂ ಕೇಳಬೇಕು.

ಅದಕ್ಕಿಂತ ಮುಂಚೆ ಇನ್ನೊಂದು ಪ್ರಶ್ನೆ. ಅಡಿಕೆ ಸಿಪ್ಪೆ ನಿಮ್ಮ ಮನೆಯಲ್ಲಿ ವರ್ಷಪೂರ್ತಿ ಇದೆ, ದುಡ್ಡು ಕೊಡಬೇಕಿಲ್ಲ. ಹಂಡೆ ಇದೆ. ಅಮ್ಮನಿಗೆ ಆಗದಿರುವುದು ಹೊಗೆ. ಹಾಗಾದರೆ ಹೊಗೆಯನ್ನು ಹೊರಗೆ ಕಳಿಸಿದರಾಯಿತಲ್ಲವೇ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಎಂಬ ವಿಭಾಗದವರು ಹಳ್ಳಿ ಮನೆಗಳಿಗೆಂದೇ ಹೊಗೆ ಕೊಳವೆಯ ಒಲೆ ರೂಪಿಸಿದರು. ಅಸ್ತ್ರ ಒಲೆ ಎಂಬ ಹೆಸರು ನೀವೂ ಕೇಳಿರುತ್ತೀರಿ. ಅದೇ ಉಪಾಯ ಬಚ್ಚಲ ಒಲೆಗೂ ಸಲ್ಲುತ್ತದೆ. ಬೆಂಕಿ ಹಾಕುವ ಬಾಯನ್ನು ಗೋಡೆಯ ಹೊರಗೆ ತಿರುಗಿಸಿ, ಹೊಗೆ ಕೊಳವೆಯನ್ನು ಮಾಡಿಗಿಂತ ಎರಡಡಿ ಮೇಲೆ ಒಯ್ಯಿರಿ. ಹೊಗೆ ಒಳಗೆ ಬರಬಾರದು, ಅಷ್ಟೇ. ಲಕ್ಷದ ಹತ್ತಿರ ಖರ್ಚಾಗುವ ಯಂತ್ರ ತರುವ ಮೊದಲು ಕೆಲವೇ ಸಾವಿರದ ಈ ಕೆಲಸ ಮಾಡಿಸಿ, ಒಂದು ಮಳೆಗಾಲ ನೋಡಿ ಎನ್ನುವುದು ನನ್ನ ಸಲಹೆ. ಆಮೇಲೂ ಅಮ್ಮನಿಗೆ ಕೆಮ್ಮು ಬಂದರೆ ಹೀಟ್ ಪಂಪ್ ತನ್ನಿ, ಆಗ ನಾನೇ ತನ್ನಿ ಎನ್ನುತ್ತೇನೆ.

ನೀವು ಕಂಸದಲ್ಲಿ ಬರೆದ ಹಳ್ಳದ ವಿಚಾರಕ್ಕೆ ಈಗ ಬರುತ್ತೇನೆ. ನಿಮಗೆ ಅದು ಲೆಕ್ಕಕ್ಕಿಲ್ಲದ ಮಾತಾಗಿರಬಹುದು, ನನಗೆ ಅದನ್ನು ಓದಿದಾಗ ಕುಳಿತಲ್ಲಿಂದ ಎದ್ದು ಬರಬೇಕೆನಿಸಿತು. ಮಲೆನಾಡಿನಲ್ಲಿ ಸೂರ್ಯ ಕೈಕೊಡುವ ತಿಂಗಳುಗಳಲ್ಲೇ ಹಳ್ಳ ತುಂಬಿ ಹರಿಯುತ್ತದೆ. ಪಶ್ಚಿಮಘಟ್ಟದ ಎಷ್ಟೋ ತೋಟದ ಮನೆಗಳಲ್ಲಿ ಪೈಕೋ ಹೈಡ್ರೋ ಎಂಬ ಪುಟ್ಟ ಟರ್ಬೈನುಗಳು ಇವತ್ತಿಗೂ ತಿರುಗುತ್ತಿವೆ. ರಾಜ್ಯದ ನವೀಕರಿಸಬಹುದಾದ ಇಂಧನ ಸಂಸ್ಥೆ ಕ್ರೆಡಲ್ ಇವುಗಳಿಗೆ ಸಹಾಯಧನ ಕೊಟ್ಟದ್ದೂ ಇದೆ, ಈಗ ಏನಿದೆ ಎಂದು ವಿಚಾರಿಸಿ.

ಲೆಕ್ಕ ಸುಲಭ. 20 ಮೀಟರ್ ಎತ್ತರದಿಂದ ಸೆಕೆಂಡಿಗೆ 10 ಲೀಟರ್ ನೀರು ಇಳಿದರೆ, ನಷ್ಟವೆಲ್ಲ ಕಳೆದು ಅರ್ಧ ಹಿಡಿದರೂ 1 ಕಿಲೋವ್ಯಾಟ್ ಸಿಗುತ್ತದೆ. ಸೋಲಾರಿನ 1 ಕಿಲೋವ್ಯಾಟ್ ಬೇರೆ, ಇದು ಬೇರೆ. ಇದು ರಾತ್ರಿಯೂ ಓಡುತ್ತದೆ. ದಿನಕ್ಕೆ 24 ಯೂನಿಟ್. ಜುಲೈನಲ್ಲಿ 5 ಕಿಲೋವ್ಯಾಟ್ ಪ್ಯಾನೆಲ್ ಕೊಡುವುದರ ನಾಲ್ಕೈದು ಪಟ್ಟು! ಮನೆಗೆ ಬೇಕಾದಷ್ಟು ಬಳಸಿ ಉಳಿದ ಕರೆಂಟನ್ನು ಈ ಟರ್ಬೈನುಗಳಲ್ಲಿ ಒಂದು ಹೀಟರ್ ಕಾಯಿಲಿಗೆ ಬಿಡುವುದು ವಾಡಿಕೆ, ಇಲ್ಲದಿದ್ದರೆ ಅದು ಹುಚ್ಚಾಪಟ್ಟೆ ವೇಗವಾಗಿ ತಿರುಗುತ್ತದೆ. ಆ ಕಾಯಿಲನ್ನೇ ಬಿಸಿನೀರಿನ ಟ್ಯಾಂಕಿಗೆ ಇಳಿಸಬಹುದು. ಅಮ್ಮನ ಸ್ನಾನದ ನೀರು ಅಲ್ಲೇ ಕಾಯುತ್ತದೆ, ಹೊಗೆಯೂ ಇಲ್ಲ.

ಆದರೆ ಮೊದಲು ಅಳೆಯಿರಿ. ಕುಡಿಯುವ ನೀರಿನ ಒಂದಿಂಚು ಪೈಪಿನಲ್ಲಿ ಇದು ಆಗುವುದಿಲ್ಲ, ದೊಡ್ಡ ಪೈಪ್ ಬೇಕು. ಹಳ್ಳಕ್ಕೆ ಸಣ್ಣ ಕಟ್ಟೆ ಹಾಕಿ ನೀರನ್ನು 200 ಲೀಟರಿನ ಡ್ರಮ್ಮಿಗೆ ತಿರುಗಿಸಿ. 20 ಸೆಕೆಂಡಿನಲ್ಲಿ ತುಂಬಿದರೆ ಅದು ಸೆಕೆಂಡಿಗೆ 10 ಲೀಟರ್. ಜುಲೈನಲ್ಲಿ ಒಮ್ಮೆ, ಅಕ್ಟೋಬರಿನಲ್ಲಿ ಒಮ್ಮೆ ಅಳೆಯಿರಿ. ಎತ್ತರಕ್ಕೆ, ಈಗಿರುವ ನೀರಿನ ಪೈಪಿನ ಕೆಳತುದಿಯಲ್ಲಿ ಒತ್ತಡದ ಮೀಟರ್ ಹಾಕಿ ನಲ್ಲಿ ಪೂರ್ತಿ ಬಂದ್ ಮಾಡಿ. 2 ಕೆ.ಜಿ. ತೋರಿಸಿದರೆ 20 ಮೀಟರ್ ಎತ್ತರ ಇದೆ ಎಂದರ್ಥ.

ಕಷ್ಟಗಳೂ ಇವೆ, ಮುಚ್ಚಿಡುವುದಿಲ್ಲ. ನೀರು ಒಳಬರುವ ಜಾಗಕ್ಕೆ ದರಕು, ಕಸ ಕಟ್ಟಿಕೊಳ್ಳುತ್ತದೆ. ಜಡಿಮಳೆಯಲ್ಲಿ ದಿನಕ್ಕೊಮ್ಮೆ ಯಾರಾದರೂ ಗುಡ್ಡ ಹತ್ತಿ ತೆಗೆಯಬೇಕು, ಆ ವಯಸ್ಸಿನವರು ಮನೆಯಲ್ಲಿರಬೇಕು. ದೊಡ್ಡ ನೆರೆ ಬಂದ ವರ್ಷ ಪೈಪ್ ಕೊಚ್ಚಿಹೋಗಬಹುದು. ಜಾಗ ಅರಣ್ಯಕ್ಕೆ ಸೇರಿದ್ದರೆ ಅನುಮತಿ ಇಲ್ಲದೆ ಕೈ ಹಾಕಬೇಡಿ. ಟರ್ಬೈನಿನಿಂದ ಹೊರಬಿದ್ದ ನೀರು ಮತ್ತೆ ಹಳ್ಳಕ್ಕೇ ಸೇರಬೇಕು, ಕೆಳಗಿನ ತೋಟದವರ ನೀರದು. ಬೇಸಿಗೆಗೆ ಹಳ್ಳ ಬತ್ತುತ್ತದೆ. ಆಗ ಪ್ಯಾನೆಲ್ ಇದೆ.

ಹಾಗಾದರೆ ನಾನು ನಿಮ್ಮ ಜಾಗದಲ್ಲಿದ್ದರೆ ಏನು ಮಾಡುತ್ತಿದ್ದೆ? ಲೈನ್ ತೆಗೆಸುತ್ತಿರಲಿಲ್ಲ. ಈ ವರ್ಷ 3 ಕಿಲೋವ್ಯಾಟ್ ಪ್ಯಾನೆಲ್, ಹೈಬ್ರಿಡ್ ಇನ್ವರ್ಟರ್, 5 ಯೂನಿಟ್ ಎಲ್‌ಎಫ್‌ಪಿ ಬ್ಯಾಟರಿ, ಬಚ್ಚಲಿಗೆ ಹೊಗೆ ಕೊಳವೆ. ಮಳೆಗಾಲದಲ್ಲಿ ಹಳ್ಳ ಅಳೆದು, ಮುಂದಿನ ವರ್ಷ ಟರ್ಬೈನಿನ ಯೋಚನೆ. ಕೈಯಲ್ಲಿ ಅಷ್ಟು ಹಣ ಇಲ್ಲದಿದ್ದರೆ ಸದ್ಯಕ್ಕೆ ಒಂದು ಯುಪಿಎಸ್, ಎರಡು ಟ್ಯೂಬುಲರ್ ಬ್ಯಾಟರಿ, ತುರ್ತಿಗೆ ಸಣ್ಣ ಪೆಟ್ರೋಲ್ ಜನರೇಟರ್ ಇಟ್ಟುಕೊಂಡರೂ ಅಮ್ಮನ ನೆಬ್ಯುಲೈಸರ್ ನಿಲ್ಲುವುದಿಲ್ಲ. ಆದರೆ ಜನರೇಟರನ್ನು ಮನೆಯೊಳಗೆ ಎಂದೂ ಓಡಿಸಬೇಡಿ, ಅದರ ಹೊಗೆ ಜೀವ ತೆಗೆಯುತ್ತದೆ.

ಪ್ಯಾನೆಲನ್ನು ಹೆಂಚಿನ ಮಾಡಿನ ಮೇಲೆ ಹಾಕಿಸಬೇಡಿ. ಒಂದೊಂದು ಪ್ಯಾನೆಲ್ 25 ಕೆ.ಜಿ. ಮೇಲೆ ತೂಗುತ್ತದೆ, ಹಳೆಯ ಪಕಾಸು, ರೀಪಿನ ಮೇಲೆ ಗಾಳಿಯ ಎಳೆತವೂ ಬೀಳುತ್ತದೆ. ಒಡೆದ ಹೆಂಚು ಬದಲಿಸಲು ಆಮೇಲೆ ಯಾರೂ ಹತ್ತಲಾಗುವುದಿಲ್ಲ. ಕೊಟ್ಟಿಗೆಯ ಕಬ್ಬಿಣದ ಕಂಬ ಗಟ್ಟಿಯಿದ್ದರೆ ಅದೇ ಸರಿ. 3 ಕಿಲೋವ್ಯಾಟಿಗೆ ಸುಮಾರು 300 ಚದರಡಿ ಸಾಕು. ದಕ್ಷಿಣಕ್ಕೆ 10 ಡಿಗ್ರಿ ವಾಲಿದರೆ ಸಾಕು. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕಿರುತ್ತಾನೆ, ಹೆಚ್ಚು ವಾಲಿಸಿದರೆ ನಿಮಗೆ ಬೇಕಾದ ತಿಂಗಳಲ್ಲೇ ನಷ್ಟ. ವೈರುಗಳೆಲ್ಲ ಗಟ್ಟಿ ಪೈಪಿನೊಳಗೆ ಹೋಗಲಿ, ಮಂಗಗಳು ಬಿಡುವುದಿಲ್ಲ. ಏಪ್ರಿಲ್, ಮೇ ತಿಂಗಳ ಸಿಡಿಲು ನಿಮಗೆ ಗೊತ್ತೇ ಇದೆ. ಸಿಡಿಲು ತಡೆಯ ಕಂಬಿ, ಅದಕ್ಕೆ ಬೇರೆ ಅರ್ಥಿಂಗ್, ಪ್ಯಾನೆಲ್ ಕಡೆಯ ಸರ್ಜ್ ಪ್ರೊಟೆಕ್ಟರ್ (ವೋಲ್ಟೇಜ್ ದಿಢೀರ್ ಏರಿದಾಗ ಯಂತ್ರ ಕಾಯುವ ಸಾಧನ) ಇವು ಕೊಟೇಶನ್ನಿನಲ್ಲಿ ಬರೆದಿಲ್ಲದಿದ್ದರೆ ಸಹಿ ಹಾಕಬೇಡಿ.

ಹಲಸಿನ ಮರ ಕಡಿಯಬೇಡಿ. ಪೂರ್ವದ ಮರ ಬೆಳಗ್ಗೆ ಒಂಬತ್ತು, ಒಂಬತ್ತೂವರೆವರೆಗೆ ನೆರಳು ಕೊಡಬಹುದು. ಪ್ಯಾನೆಲ್ ದಿನದ ಬಹುಪಾಲು ಕರೆಂಟ್ ಮಾಡುವುದು ಅದರ ನಂತರ, ಮೂರೂವರೆಯೊಳಗೆ. ಜುಲೈನಲ್ಲಂತೂ ಬೆಳಕು ಮೋಡದಿಂದ ಚದುರಿ ಎಲ್ಲ ಕಡೆಯಿಂದ ಬರುತ್ತದೆ, ಒಂದು ಮರದ ನೆರಳಿಗೆ ಆಗ ಅಷ್ಟು ಬೆಲೆ ಇಲ್ಲ. ಕೊಟ್ಟಿಗೆಯ ಮೇಲೆ ಚಾಚಿದ ಕೊಂಬೆ ಇದ್ದರೆ ಅದನ್ನಷ್ಟೇ ಸವರಿಸಿ. ಬಿಸಿಲಿರುವ ಒಂದು ದಿನ ಬೆಳಗ್ಗೆ 9ಕ್ಕೆ, 12ಕ್ಕೆ, ಮಧ್ಯಾಹ್ನ 3ಕ್ಕೆ ಕೊಟ್ಟಿಗೆಯ ಮಾಡಿನ ಫೋಟೊ ತೆಗೆಯಿರಿ. ಒಂದು ವಾರ ಸಂಜೆ 6ಕ್ಕೂ ಬೆಳಗ್ಗೆ 6ಕ್ಕೂ ಮೀಟರ್ ಓದಿ ಬರೆದಿಡಿ. ಎರಡನ್ನೂ ಕಳಿಸಿ, ಪ್ಯಾನೆಲ್ ಯಾವ ತುದಿಯಿಂದ ಶುರು ಮಾಡಬೇಕು ಎಂದು ಗುರುತು ಹಾಕಿ ಕಳಿಸುತ್ತೇನೆ.